ಪಿಟೂನಿಯಾವನ್ನು ದಸರೆಯಲ್ಲೇ ಬಿತ್ತಬೇಕು

ಕಲಬುರಗಿಯಲ್ಲಿ ಹೊಸ ಮನೆ, ಅಂಗಳದ ತುಂಬ ಎರೆಮಣ್ಣು, ಯುಗಾದಿಯ ಹೊತ್ತಿಗೆ ಹೂವಾಗಬೇಕು. ಈ ಫೆಬ್ರವರಿಯಲ್ಲಿ ಪಿಟೂನಿಯಾ ಬಿತ್ತಲೋ ಪ್ಯಾನ್ಸಿ ಬಿತ್ತಲೋ ಎಂದು ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಬಿತ್ತಬೇಡಿ. 2019ರಲ್ಲಿ ಇದೇ ಊರಿನಲ್ಲಿ ನಾನು ಅದನ್ನೇ ಮಾಡಿದ್ದೆ.

ಆ ವರ್ಷ ಜನವರಿಯಲ್ಲಿ ಬೆಂಗಳೂರಿಗೆ ಹೋದಾಗ ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಪಿಟೂನಿಯಾ ಮಡಿಗಳ ಮುಂದೆ ಅವಳು ಬಹಳ ಹೊತ್ತು ನಿಂತಳು. ಹೊಸ ಮನೆಯಲ್ಲಿ ಅವಳ ಮೊದಲ ಯುಗಾದಿಗೆ ಅಂಗಳವೂ ಹೀಗೇ ಇರಲಿ ಎಂದುಕೊಂಡು ಬೀಜದ ಪೊಟ್ಟಣಗಳನ್ನು ತಂದು, ತಿಂಗಳ ಕೊನೆಯ ವಾರದಲ್ಲಿ ಬಿತ್ತಿದೆ.

ತಪ್ಪಾದದ್ದು ಅಲ್ಲಿಯೇ. ಪಿಟೂನಿಯಾ ಬೀಜ ಧೂಳಿನಷ್ಟು ಸಣ್ಣದು. ಮಣ್ಣು ಮುಚ್ಚದೆ ಮೇಲೆಯೇ ಉದುರಿಸಬೇಕು, ಏಕೆಂದರೆ ಮೊಳೆಯಲು ಅದಕ್ಕೆ ಬೆಳಕು ಬೇಕು. ಮೊಳೆತ ಸಸಿ ಮೊದಲ ಕೆಲವು ವಾರ ಬೆಳೆಯುವುದೇ ಕಾಣುವುದಿಲ್ಲ. ಬಿತ್ತಿದ ದಿನದಿಂದ ಮೊದಲ ಹೂವಿಗೆ ಹತ್ತರಿಂದ ಹನ್ನೆರಡು ವಾರ ಬೇಕು. ಜನವರಿಯ ಕೊನೆಯಿಂದ ಹನ್ನೆರಡು ವಾರ ಎಣಿಸಿದರೆ ಏಪ್ರಿಲ್ ಮೂರನೆಯ ವಾರ ದಾಟುತ್ತದೆ. ಆ ವರ್ಷದ ಯುಗಾದಿ ಏಪ್ರಿಲ್ 6ಕ್ಕೇ ಇತ್ತು. ಬೆರಳೆಣಿಕೆಯ ಈ ಲೆಕ್ಕವನ್ನು ನಾನು ಹಾಕಲಿಲ್ಲ. ಜನವರಿಯಲ್ಲಿ ಲಾಲ್‌ಬಾಗಿನಲ್ಲಿ ಅರಳಿದ್ದ ಹೂವು ತಿಂಗಳುಗಳ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತಿದ ಬೀಜದ್ದು ಎಂಬುದು ನನಗೆ ಹೊಳೆಯಲೇ ಇಲ್ಲ. ಹೂವನ್ನು ಕಂಡ ತಿಂಗಳನ್ನೇ ಬಿತ್ತುವ ತಿಂಗಳೆಂದು ಹಿಡಿದೆ.

ಹಬ್ಬದ ಹೊತ್ತಿಗೆ ಗಿಡಗಳು ಗೇಣುದ್ದವಿದ್ದವು, ಬಿಸಿಲು 40 ಡಿಗ್ರಿಗೆ ಹತ್ತಿರವಿತ್ತು. ಮಧ್ಯಾಹ್ನ ಎಲೆ ಬಾಡಿದ್ದು ಕಂಡಾಗಲೆಲ್ಲ ನೀರು ಹಾಕಿದೆ. ಎರೆಮಣ್ಣು ನೀರನ್ನು ಹಿಡಿದುಕೊಳ್ಳುವ ಮಣ್ಣು; ಬೇರಿಗೆ ಗಾಳಿಯಾಡದೆ ಬುಡಗಳು ಕೊಳೆತವು. ನೀರು ಕಡಿಮೆ ಮಾಡಿದಾಗ ಅದೇ ಮಣ್ಣು ಬಿರುಕುಬಿಟ್ಟು ಬೇರು ಹರಿಯಿತು. ಹಬ್ಬಕ್ಕೆ ಊರಿನಿಂದ ಬಂದ ಕಾಕಾ ಮಡಿಯ ಪಕ್ಕ ಕುಳಿತು ಒಂದೇ ಮಾತು ಕೇಳಿದರು: "ತಮ್ಮಾ, ಹಿಂಗಾರಿ ಜ್ವಾಳ ಯಾರಾದ್ರೂ ಸಂಕ್ರಾಂತಿ ಆದಮ್ಯಾಲೆ ಬಿತ್ತತಾರೇನು?"

ನಮ್ಮ ಭಾಗದ ಹೂದೋಟಕ್ಕೆ ನಾನು ಕೇಳಿದ ಅತ್ಯಂತ ಸರಿಯಾದ ಸಲಹೆ ಅದು. ಜೋಳ, ಕಡಲೆ, ಕುಸುಬೆಗಳನ್ನು ಮಳೆಗಾಲದ ಹಸಿ ಇರುವಾಗ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿ, ಚಳಿಯಲ್ಲಿ ಬೆಳೆಸಿ, ಬಿಸಿಲೇರುವ ಮುನ್ನ ಮುಗಿಸುತ್ತೇವೆ. ಪಿಟೂನಿಯಾ, ಪ್ಯಾನ್ಸಿ, ಫ್ಲಾಕ್ಸ್, ಕ್ಯಾಲೆಂಡುಲಾ ಇವೆಲ್ಲ ಇಲ್ಲಿ ಹಿಂಗಾರಿ ಬೆಳೆಗಳೇ. ದಸರೆಯಲ್ಲಿ ಬಿತ್ತಿದರೆ ಸಂಕ್ರಾಂತಿಗೆ ಮಡಿ ತುಂಬುತ್ತದೆ, ಹೋಳಿ ಹುಣ್ಣಿಮೆಯವರೆಗೂ ನಿಲ್ಲುತ್ತದೆ. ಕಳೆದ ಕೆಲವು ವರ್ಷಗಳಿಂದ ನಮ್ಮ ಅಂಗಳದಲ್ಲಿ ಹಾಗೆಯೇ ನಡೆದಿದೆ. ಮಡಿಯನ್ನು ಒಂದು ಅಡಿ ಎತ್ತರಿಸಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಧಾರಾಳವಾಗಿ ಬೆರೆಸಿದ ಮೇಲೆ ಬುಡ ಕೊಳೆಯುವುದೂ ನಿಂತಿತು.

ಹಾಗಾದರೆ ಈ ಯುಗಾದಿಗೆ ಏನು ಎಂದರೆ, ಬೀಜದಿಂದ ಬರುವ ಹೂವುಗಳಲ್ಲಿ ನಾನು ಜಿನ್ನಿಯಾ ಒಂದನ್ನೇ ಹೇಳುತ್ತೇನೆ. ಇಂದೇ ನೇರವಾಗಿ ಮಡಿಗೆ ಬಿತ್ತಿದರೆ ಸುಮಾರು ಎರಡು ತಿಂಗಳಿಗೆ ಅರಳುತ್ತದೆ, ಬಿಸಿಲಿಗೆ ಅಂಜುವುದಿಲ್ಲ. ಹಬ್ಬ ಮಾರ್ಚ್‌ನಲ್ಲಿ ಬಂದರೆ ಅದಕ್ಕೂ ತಡವಾದೀತು. ನೆರೆಮನೆಯಲ್ಲಿ ಟೇಬಲ್ ರೋಸ್ ಇದ್ದರೆ ನಾಲ್ಕು ತುಂಡು ಕೇಳಿ ತಂದು ಊರಿ. ಅದು ಬೇಗ ಬೇರುಬಿಟ್ಟು ಹೂ ಕೊಡುತ್ತದೆ. ಬೊಗನ್‌ವಿಲ್ಲಾವನ್ನು ಹೂವಿರುವ ಗಿಡವಾಗಿಯೇ ಕೊಳ್ಳಿ, ಬೇರೂರಿದ ಮೇಲೆ ನೀರನ್ನು ಹಿಡಿದು ಹಾಕಿ. ನೀರು ಹೆಚ್ಚಾದರೆ ಅದು ಎಲೆಯನ್ನೇ ಬೆಳೆಸುತ್ತದೆ.

ಆದರೆ ವಸಂತದ ಹೂವೆಂದರೆ ಪೊಟ್ಟಣದ ಬೀಜವೇ ಆಗಬೇಕು ಎಂಬ ನಿಮ್ಮ ಎಣಿಕೆಯನ್ನು ನಾನು ಒಪ್ಪುವುದಿಲ್ಲ. ನಮ್ಮ ಸೀಮೆಯ ವಸಂತ ಇರುವುದು ಮರದಲ್ಲಿ, ಪೊದೆಯಲ್ಲಿ. ಮಡಿಯ ಹೂವೆಲ್ಲ ಸೊರಗುವ ಹೊತ್ತಿಗೆ ಮುತ್ತುಗ ಕೆಂಪಾಗುತ್ತದೆ, ಬೇವು ಹೂಬಿಡುತ್ತದೆ, ಬೋಳಾಗಿದ್ದ ದೇವಕಣಗಿಲೆಯ ತುದಿಗಳಲ್ಲಿ ಮೊಗ್ಗು ಮೂಡುತ್ತದೆ. ಇವು ನೀರಿಗಾಗಿ ನಿಮ್ಮ ಕೊಡವನ್ನು ಕಾಯುವುದಿಲ್ಲ. ದೇವಕಣಗಿಲೆಯ ಒಂದು ಕೊಂಬೆಯನ್ನು ಕಡಿದು, ಹಾಲು ಆರಲು ವಾರದ ಮಟ್ಟಿಗೆ ನೆರಳಿನಲ್ಲಿಟ್ಟು, ಈಗಲೇ ನೆಟ್ಟರೆ ಸಾಕು.

ಅವ್ವ ಮೊದಲಿನಿಂದಲೂ ಕೇಳುತ್ತಿದ್ದದ್ದು ದುಂಡುಮಲ್ಲಿಗೆ. ಲಾಲ್‌ಬಾಗಿನ ಬಣ್ಣದ ಗುಂಗಿನಲ್ಲಿ ನಾನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. 2020ರ ಮಳೆಗಾಲದಲ್ಲಿ ಮೂರು ಸಸಿ ನೆಟ್ಟೆ. ಪ್ರತಿ ನವೆಂಬರ್‌ನಲ್ಲಿ ಕೆಲವು ದಿನ ನೀರು ನಿಲ್ಲಿಸಿ, ಮೊಣಕಾಲೆತ್ತರಕ್ಕೆ ಸವರಿ, ಉಳಿದ ಎಲೆ ಕಿತ್ತು, ಗೊಬ್ಬರ ಕೊಟ್ಟು ಮತ್ತೆ ನೀರು ಬಿಡುತ್ತೇನೆ. ಮಾರ್ಚ್‌ನಲ್ಲಿ ಮೊಗ್ಗು ಶುರುವಾಗುತ್ತದೆ. ಬಿಸಿಲು ಏರಿದಂತೆ ಮೊಗ್ಗೂ ಏರುತ್ತದೆ. ಸಂಜೆ ಅವ್ವ ಬಿಡಿಸಿಕೊಂಡು ಮಾಲೆ ಕಟ್ಟುತ್ತಾಳೆ. ನಿಮ್ಮ ಅಂಗಳದಲ್ಲೂ ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲು ಬೀಳುವ ಒಂದು ಮೂಲೆಯನ್ನು ಈಗಲೇ ಗುರುತಿಸಿಟ್ಟುಕೊಂಡು, ಮೊದಲ ಮಳೆಗೆ ಎರಡು ಗಿಡ ಹಾಕಿ.