ಹಾಡು ಮುಗಿಯಿತು, ಫೋಟೋ ಮುಗಿಯಲಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಸ್ಲೈಡ್‌ಶೋ ಬಗ್ಗೆಯೇ ಇವೆ. ಮದುವೆ, ಷಷ್ಟ್ಯಬ್ದಿ, ಸ್ಕೂಲ್ ಡೇ ಎಲ್ಲ ಒಟ್ಟಿಗೇ ಬಂದಿರಬೇಕು. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ ಇವನ್ನೇ ತೆಗೆದುಕೊಂಡಿದ್ದೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮುಂದಿನ ತಿಂಗಳು ನಮ್ಮಪ್ಪನ ಷಷ್ಟ್ಯಬ್ದಿ. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್‌ಶೋ ಮಾಡಿದ್ದೇನೆ. 300 ಫೋಟೋ, ಎರಡು ಹಾಡು. ಒಮ್ಮೊಮ್ಮೆ ಎರಡೂ ಹಾಡು ಒಟ್ಟಿಗೇ ಶುರುವಾಗುತ್ತವೆ, ಒಮ್ಮೊಮ್ಮೆ ಎರಡನೇದು ಬರುವುದೇ ಇಲ್ಲ. ಹಾಡು ಮುಗಿದರೂ ಫೋಟೋ ಅಂತೂ ಮುಗಿಯುವುದಿಲ್ಲ. ಏನು ಮಾಡಲಿ ಸರ್? (ಶಿವಮೊಗ್ಗದಿಂದ ಒಬ್ಬ ಮಗಳು)

ಉತ್ತರ: ಮೊದಲು ಸ್ವಲ್ಪ ಲೆಕ್ಕ ಮಾಡೋಣಮ್ಮ. ಎರಡೂ ಹಾಡು ಸೇರಿ 10 ನಿಮಿಷ ಅಂದುಕೊಳ್ಳಿ, ಅಂದರೆ 600 ಸೆಕೆಂಡು. 300 ಫೋಟೋಗೆ ಹಂಚಿದರೆ ಒಂದಕ್ಕೆ ಬರುವುದು 2 ಸೆಕೆಂಡು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕೂತ ಚಿಕ್ಕಪ್ಪ ಕನ್ನಡಕ ಹಾಕಿಕೊಳ್ಳುವುದಕ್ಕೂ ಆಗುವುದಿಲ್ಲ. ಹೊರಗೆ ಎಲೆ ಹಾಕಿದ್ದಾರೆ ಅಂತ ಗೊತ್ತಾದ ಮೇಲೆ ಹತ್ತು ನಿಮಿಷ ಯಾರೂ ಕೂರುವುದೂ ಇಲ್ಲ.

ಒಂದೇ ಹಾಡು ಇಟ್ಟುಕೊಳ್ಳಿ. ಹಾಡು ಮೊದಲು ಗಟ್ಟಿಯಾಗಲಿ, ಫೋಟೋ ಆಮೇಲೆ ಆರಿಸಿ. ಎಲ್ಲರೂ ಮಾಡುವುದು ಉಲ್ಟಾ: ಇರುವ ಫೋಟೋ ಎಲ್ಲ ಸುರಿದು, ಕೊನೆಗೆ ಅದಕ್ಕೊಂದು ಹಾಡು ಹುಡುಕುತ್ತಾರೆ. ನಿಮ್ಮ ಹಾಡು 4 ನಿಮಿಷ 40 ಸೆಕೆಂಡು ಇದ್ದರೆ 280 ಸೆಕೆಂಡು. ಫೋಟೋಗೆ ಸರಾಸರಿ 7 ಸೆಕೆಂಡು ಅಂತ ಹಿಡಿದರೆ 40 ಫೋಟೋ. ಅಷ್ಟೇ. ಉಳಿದ 260 ಫೋಟೋ ಮನೆಯವರೆಲ್ಲ ಕೂತು ನಿಧಾನಕ್ಕೆ ನೋಡುವುದಕ್ಕೆ ಇರಲಿ. ಬಿಡುವುದು ಕಷ್ಟ ಅಂತ ಗೊತ್ತು, ನಮ್ಮ ಮನೆಯಲ್ಲಿ ಇದೇ ವಿಷಯಕ್ಕೆ ಎರಡು ದಿನ ಮಾತು ನಿಂತಿತ್ತು.

ಇನ್ನು ಮಾಡುವ ಕ್ರಮ. ಆರಿಸಿದ ಫೋಟೋಗಳಿಗೆ 001, 002 ಅಂತ ಹೆಸರಿಡಿ. ಬರೀ 1, 2 ಅಂತ ಇಟ್ಟರೆ ಕೆಲವು ಕಡೆ 10 ಬಂದು 2ರ ಮುಂದೆ ಕೂತುಬಿಡುತ್ತದೆ. ಇನ್ಸರ್ಟ್‌ನಲ್ಲಿ ಫೋಟೋ ಆಲ್ಬಂ ಅಂತ ಇದೆ, ಅದಕ್ಕೆ ಎಲ್ಲ ಫೋಟೋ ಒಟ್ಟಿಗೇ ಕೊಟ್ಟರೆ ಒಂದೊಂದು ಸ್ಲೈಡಿಗೆ ಒಂದೊಂದು ಅದೇ ಕೂರಿಸುತ್ತದೆ. ಆಮೇಲೆ ಎಡಗಡೆ ಸಾಲಿನಲ್ಲಿ ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲ ಸ್ಲೈಡ್ ಹಿಡಿದುಕೊಂಡು, ಟ್ರಾನ್ಸಿಷನ್ಸ್‌ಗೆ ಹೋಗಿ ಫೇಡ್ ಕೊಡಿ, ಅದರ ಡ್ಯುರೇಷನ್ 1 ಸೆಕೆಂಡು ಮಾಡಿ. ಅಲ್ಲೇ ಬಲಗಡೆ ಆನ್ ಮೌಸ್ ಕ್ಲಿಕ್ ಅನ್ನುವುದರ ಟಿಕ್ ತೆಗೆದು, ಆಫ್ಟರ್ ಅನ್ನುವಲ್ಲಿ 6 ಸೆಕೆಂಡು ಹಾಕಿ. ಆರೂ ಒಂದೂ ಏಳಾಯಿತು. ಈ ಒಂದು ಸೆಕೆಂಡನ್ನು ಮರೆಯುವುದರಿಂದಲೇ ಮುಕ್ಕಾಲು ಪಾಲು ಜನರ ಲೆಕ್ಕ ತಪ್ಪುವುದು. ಫೇಡ್ ಆಗುವ ಹೊತ್ತು ಬೇರೆ, ಫೋಟೋ ನಿಲ್ಲುವ ಹೊತ್ತು ಬೇರೆ. 40 ಸ್ಲೈಡಿಗೆ 40 ಸೆಕೆಂಡು ಹಾಗೇ ಜಾರುತ್ತದೆ, ನಿಮ್ಮ ಹಾಡು ಮೊದಲೇ ಮುಗಿಯುತ್ತಿರುವುದಕ್ಕೆ ಅರ್ಧ ಕಾರಣ ಇದೇ ಇರಬಹುದು.

ಎಲ್ಲ ಫೋಟೋಗೂ ಒಂದೇ ಹೊತ್ತು ಕೊಡಬೇಡಿ. ಒಬ್ಬರ ಮುಖ ಇರುವುದಕ್ಕೆ 4 ಸೆಕೆಂಡು ಸಾಕು. ಅಜ್ಜನ ಕಾಲದ ಕಪ್ಪು ಬಿಳುಪು ಗುಂಪು ಫೋಟೋ ಬಂದರೆ ಮಾತ್ರ 10 ಸೆಕೆಂಡು ನಿಲ್ಲಿಸಿ, ಯಾಕೆಂದರೆ ಅಲ್ಲಿ ಜನ ಹುಡುಕುತ್ತಾರೆ: ಇದು ಯಾರು, ಆ ತುದಿಯಲ್ಲಿ ಲಂಗ ಹಾಕಿಕೊಂಡು ನಿಂತಿರೋದು ಅತ್ತೆ ಅಲ್ವಾ, ಅಂತ. ಆ ಗುಸುಗುಸು ಶುರುವಾದಾಗ ಫೋಟೋ ಹೋಗಿಬಿಟ್ಟರೆ ಮಜಾ ಹೋಯಿತು. ಅಂಥ ಹಳೇ ಪ್ರಿಂಟ್‌ಗಳನ್ನು ಸ್ಕ್ಯಾನ್ ಮಾಡಿಸುವುದಾದರೆ, 4x6 ಇಂಚಿನದಕ್ಕೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಸಾಕು. ಪಾಸ್‌ಪೋರ್ಟ್ ಸೈಜಿನದಾದರೆ 1200 ಕೇಳಿ. ಫೋನಿನಲ್ಲೇ ತೆಗೆಯುವುದಾದರೆ ಫ್ಲ್ಯಾಶ್ ಬೇಡ, ಕಿಟಕಿ ಹತ್ತಿರ ನೆರಳಿನಲ್ಲಿ ಇಟ್ಟು ತೆಗೆಯಿರಿ. ಸಂಬಂಧಿಕರಿಂದ ತರಿಸಿಕೊಳ್ಳುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತಲೇ ಕಳಿಸಲು ಹೇಳಿ, ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ.

ಹಾಡು ಹಾಕುವುದು ಹೀಗೆ. ಮೊದಲ ಸ್ಲೈಡಿಗೆ ಹೋಗಿ ಇನ್ಸರ್ಟ್, ಆಡಿಯೋ. ಸ್ಪೀಕರ್ ಚಿತ್ರ ಬರುತ್ತದಲ್ಲ, ಅದನ್ನು ಹಿಡಿದುಕೊಂಡು ಪ್ಲೇಬ್ಯಾಕ್‌ಗೆ ಬಂದು ಪ್ಲೇ ಇನ್ ಬ್ಯಾಕ್‌ಗ್ರೌಂಡ್ ಒತ್ತಿ. ಸ್ಲೈಡ್ ಬದಲಾದರೂ ಹಾಡು ನಿಲ್ಲುವುದಿಲ್ಲ, ಸ್ಪೀಕರ್ ಚಿತ್ರವೂ ಪರದೆ ಮೇಲೆ ಕಾಣುವುದಿಲ್ಲ. ಅದರ ಜೊತೆಗೆ ಲೂಪ್ ಅನ್ನುವುದಕ್ಕೂ ತಾನೇ ಟಿಕ್ ಬೀಳುತ್ತದೆ, ಹಾಡು ಮತ್ತೆ ಮೊದಲಿಂದ ಶುರುವಾಗುವುದು ಬೇಡವಾದರೆ ಅದನ್ನು ತೆಗೆಯಿರಿ. ಎರಡು ಹಾಡು ಬೇಕೇ ಬೇಕು ಅಂತಾದರೆ ಪವರ್‌ಪಾಯಿಂಟ್‌ನಲ್ಲಿ ಒದ್ದಾಡಬೇಡಿ. ಆಡಾಸಿಟಿ ಅಂತ ಉಚಿತ ತಂತ್ರಾಂಶ ಇದೆ, ಅದರಲ್ಲಿ ಎರಡನ್ನೂ ಬೇಕಾದಷ್ಟು ಕತ್ತರಿಸಿ, ಜೋಡಿಸಿ, ಒಂದೇ ಫೈಲ್ ಮಾಡಿಕೊಂಡು ಬನ್ನಿ.

ಪ್ರಶ್ನೆ: ನಮ್ಮ ಶಾಲೆಯ ಬೀಳ್ಕೊಡುಗೆ ಸಮಾರಂಭಕ್ಕೆ ಸ್ಲೈಡ್‌ಶೋ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ದೆ. ಮನೆಯಲ್ಲಿ ಚೆನ್ನಾಗಿಯೇ ಓಡಿತ್ತು. ಅಲ್ಲಿ ಹಾಡೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಮಕ್ಕಳ ಮುಂದೆ ಮುಖಭಂಗ. (ಹೈಸ್ಕೂಲ್ ಮೇಷ್ಟ್ರು, ಚನ್ನರಾಯಪಟ್ಟಣ)

ಉತ್ತರ: ಮೇಷ್ಟ್ರೇ, ನಿಮ್ಮೊಬ್ಬರಿಗೇ ಆಗಿದ್ದಲ್ಲ. ಮನೆಯಲ್ಲಿರುವುದು 2007ರ ಪವರ್‌ಪಾಯಿಂಟೋ ಇನ್ನೂ ಹಳೆಯದೋ ಆಗಿದ್ದರೆ, ಅದು ಎಂಪಿ3 ಹಾಡನ್ನು ಫೈಲಿನ ಒಳಗೆ ಇಟ್ಟುಕೊಳ್ಳುವುದೇ ಇಲ್ಲ. ಹಾಡು ಎಲ್ಲಿದೆ ಅನ್ನುವ ವಿಳಾಸ ಮಾತ್ರ ಬರೆದಿಟ್ಟುಕೊಳ್ಳುತ್ತದೆ. ನೀವು ಫೈಲ್ ಒಯ್ದಿರಿ, ಹಾಡು ಮನೆಯ ಕಂಪ್ಯೂಟರಿನಲ್ಲೇ ಉಳಿಯಿತು. 2010ರ ಆವೃತ್ತಿಯಿಂದ ಈಚೆಗೆ ಹಾಡು ಒಳಗೇ ಸೇರಿಕೊಳ್ಳುತ್ತದೆ.

ಹೊಸದರಲ್ಲೇ ಮಾಡಿದ್ದರೆ ಕೇಬಲ್ ಕಡೆ ನೋಡಿ. ನೀಲಿ ತಲೆಯ, ಎರಡು ಕಡೆ ತಿರುಪು ಇರುವ ವಿಜಿಎ ಕೇಬಲ್‌ನಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಸದ್ದು ಹೋಗುವುದೇ ಇಲ್ಲ. ಎಚ್‌ಡಿಎಂಐ ಆದರೆ ಎರಡೂ ಹೋಗುತ್ತವೆ. ವಿಜಿಎ ಇರುವ ಕಡೆ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಮೈಕ್‌ಸೆಟ್‌ನವರ ಮಿಕ್ಸರ್‌ಗೆ ಬೇರೆ ವೈರ್ ಬೇಕು. ಆ ವೈರ್ ಅವರ ಹತ್ತಿರ ಇರುತ್ತದೆ ಅಂತ ನಂಬಬೇಡಿ, ನಿಮ್ಮದೇ ಒಂದು ಬ್ಯಾಗಿನಲ್ಲಿರಲಿ.

ಕನ್ನಡದ ಕತೆ ಇನ್ನೊಂದು. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಕೊಂಬು, ಟೋಪಿ ಇಟ್ಟ ಹಾಗೆ ಕಾಣಿಸಿತು ಅಲ್ವಾ? ಹಾಗಾದರೆ ನೀವು ಟೈಪ್ ಮಾಡಿದ್ದು ನುಡಿ ಅಥವಾ ಬರಹದ ಹಳೇ ಫಾಂಟ್‌ನಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ಎಲ್ಲ ಕಂಪ್ಯೂಟರಿಗೂ ಕನ್ನಡ ಅಂತ ಗೊತ್ತಾಗುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ತುಂಗ ಫಾಂಟ್ ವಿಂಡೋಸ್ ಎಕ್ಸ್‌ಪಿ ಕಾಲದಿಂದ ಇದೆ, ವಿಂಡೋಸ್ 8ರಿಂದ ನಿರ್ಮಲ ಬಂದಿದೆ. ಸ್ವಲ್ಪ ದಪ್ಪಗೆ, ಚೆಂದ ಬೇಕು ಅಂದರೆ ಗೂಗಲ್ ಫಾಂಟ್ಸ್‌ನಲ್ಲಿ ಬಾಲೂ ತಮ್ಮ ಉಚಿತವಾಗಿ ಸಿಗುತ್ತದೆ, ನನಗಂತೂ ತಲೆಬರಹಕ್ಕೆ ಅದೇ ಇಷ್ಟ.

ಇಷ್ಟೆಲ್ಲ ರಗಳೆಯೇ ಬೇಡ ಅಂದರೆ ಫೈಲ್, ಎಕ್ಸ್‌ಪೋರ್ಟ್, ಕ್ರಿಯೇಟ್ ಎ ವಿಡಿಯೋ ಒತ್ತಿ ಎಂಪಿ4 ಮಾಡಿಕೊಂಡುಬಿಡಿ. ಫುಲ್ ಎಚ್‌ಡಿ ಅಂತ ಆರಿಸಿ. ಆಮೇಲೆ ಹಾಡು, ಅಕ್ಷರ, ಟೈಮಿಂಗ್ ಎಲ್ಲ ಒಂದೇ ಗಂಟು. ಪೆನ್‌ಡ್ರೈವ್ ಅನ್ನು ನೇರ ಟಿವಿಗೆ ಚುಚ್ಚಿದರೂ ಸಾಮಾನ್ಯವಾಗಿ ಓಡುತ್ತದೆ. ಲ್ಯಾಪ್‌ಟಾಪೇ ಇಲ್ಲದಿದ್ದರೆ ಇನ್ನೊಂದು ಅನುಕೂಲ ಇದೆ. ನಮ್ಮ ಸಂಬಂಧಿಕರ ಮನೆಯ ಉಪನಯನದಲ್ಲಿ ನಾನೇ ಲ್ಯಾಪ್‌ಟಾಪ್ ಹಾಕಿಕೊಂಡು ಕೂತಿದ್ದೆ. ವಟುವಿನ ತೊಟ್ಟಿಲ ಫೋಟೋ ಬಂದಿದೆ, ಎಲ್ಲರೂ ಆಹಾ ಅನ್ನುತ್ತಿದ್ದಾರೆ, ಮೂಲೆಯಲ್ಲಿ ದೊಡ್ಡದಾಗಿ ನನ್ನ ಹೆಂಡತಿಯ ವಾಟ್ಸಾಪ್: ಅಡಿಗೆಯವರಿಗೆ ದುಡ್ಡು ಜಾಸ್ತಿ ಕೊಟ್ಟಿದ್ದೀರಂತೆ, ಹೌದಾ? ಅಡಿಗೆಯವರೂ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

ಪ್ರಶ್ನೆ: ಕಾಲೇಜ್ ಗ್ಯಾದರಿಂಗ್‌ಗೆ ಮಾಡ್ತಿದ್ದೀವಿ. ಹಾಡಿನ ತಾಳದ ಪ್ರತಿ ಪೆಟ್ಟಿಗೂ ಸರಿಯಾಗಿ ಫೋಟೋ ಬದಲಾಗಬೇಕು. ಒಂದೊಂದಕ್ಕೂ ಸೆಕೆಂಡ್ ಹಾಕಿ ಹಾಕಿ ಸಾಕಾಯಿತು. (ವಿದ್ಯಾರ್ಥಿ, ಧಾರವಾಡ)

ಉತ್ತರ: ಮೊಬೈಲಿನಲ್ಲಿ ಗಡಿಯಾರ ಇಟ್ಟುಕೊಂಡು, ಹಾಡು ಹಾಕಿ, ತೊಡೆ ಮೇಲೆ ತಾಳ ಹಾಕುತ್ತಾ 15 ಸೆಕೆಂಡಿಗೆ ಎಷ್ಟು ಪೆಟ್ಟು ಅಂತ ಎಣಿಸಿ. 20 ಬಂದರೆ ನಿಮಿಷಕ್ಕೆ 80. ಒಂದು ಪೆಟ್ಟಿಗೆ ಮುಕ್ಕಾಲು ಸೆಕೆಂಡು, ಎಂಟು ಪೆಟ್ಟಿನ ಒಂದು ಸುತ್ತಿಗೆ 6 ಸೆಕೆಂಡು. ಸುತ್ತಿಗೊಂದು ಫೋಟೋ ಬದಲಾದರೆ ಕಣ್ಣಿಗೂ ಹಿತ. ಪ್ರತಿ ಪೆಟ್ಟಿಗೂ ಬದಲಾಯಿಸಿದರೆ ನೋಡುವವರಿಗೆ ತಲೆನೋವು, ಅದನ್ನು ಹಾಡಿನ ಜೋರಾದ ಜಾಗದಲ್ಲಿ ಒಂದೇ ಒಂದು ಸಲ ಮಾಡಿ.

ಸೆಕೆಂಡ್ ತುಂಬುವ ಕೆಲಸವೇ ಬೇಡ ಅಂದರೆ ಸ್ಲೈಡ್ ಶೋ ಮೆನುವಿನಲ್ಲಿ ರಿಹರ್ಸ್ ಟೈಮಿಂಗ್ಸ್ ಇದೆ. ಹಾಡು ಓಡುತ್ತದೆ, ನೀವು ತಾಳಕ್ಕೆ ಸರಿಯಾಗಿ ಸ್ಪೇಸ್‌ಬಾರ್ ಒತ್ತುತ್ತಾ ಹೋಗಿ. ನೀವು ಒತ್ತಿದ ಹೊತ್ತನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತದೆ. ಎರಡು ಮೂರು ಸಲ ತಪ್ಪುತ್ತದೆ, ಪರವಾಗಿಲ್ಲ. ಒಂದು ಸಂಗತಿ ಗಮನಿಸಿ: ಒಂದು ಸೆಕೆಂಡಿನ ಫೇಡ್ ಇದ್ದರೆ ಫೋಟೋ ಪೂರ್ತಿ ಕಾಣುವುದು ಪೆಟ್ಟು ಬಿದ್ದ ಒಂದು ಸೆಕೆಂಡಿನ ಮೇಲೆ. ಹಾಗಾಗಿ ತಾಳ ಬೇಕಾದ ಕಡೆ ಫೇಡ್ ಅನ್ನು ಕಾಲು ಸೆಕೆಂಡಿಗೆ ಇಳಿಸಿ.

ಇನ್ನೂ ಕರಾರುವಾಕ್ಕಾಗಿ ಬೇಕಾ? ಆಡಿಯೋ ಓಡಿಸಿ, ಬೇಕಾದ ಜಾಗದಲ್ಲಿ ಪ್ಲೇಬ್ಯಾಕ್‌ನ ಆ್ಯಡ್ ಬುಕ್‌ಮಾರ್ಕ್ ಒತ್ತಿ. ಹಾಡಿನ ಪಟ್ಟಿ ಮೇಲೆ ಒಂದು ಚುಕ್ಕಿ ಬೀಳುತ್ತದೆ. ಆಮೇಲೆ ಫೋಟೋಗೆ ಆ್ಯನಿಮೇಷನ್ ಕೊಟ್ಟು, ಟ್ರಿಗರ್‌ನಲ್ಲಿ ಆನ್ ಬುಕ್‌ಮಾರ್ಕ್ ಅಂತ ಆ ಚುಕ್ಕಿಯನ್ನು ಆರಿಸಿ. ಆದರೆ ಇದು ಹಾಡು ಇರುವ ಅದೇ ಸ್ಲೈಡಿನೊಳಗೆ ಮಾತ್ರ ಕೆಲಸ ಮಾಡುತ್ತದೆ, ಹಾಗಾಗಿ ಎಂಟು ಹತ್ತು ಫೋಟೋ ಒಂದೇ ಸ್ಲೈಡಿನಲ್ಲಿ ಇಸ್ಪೀಟ್ ಎಲೆ ಹಾಗೆ ಒಂದರ ಮೇಲೊಂದು ಪೇರಿಸಬೇಕು. ಮತ್ತೆ, ಬ್ಲೂಟೂತ್ ಸ್ಪೀಕರ್ ಬೇಡ. ಸದ್ದು ಒಂದು ಕ್ಷಣ ತಡವಾಗಿ ಬರುತ್ತದೆ, ನೀವು ರಾತ್ರಿಯೆಲ್ಲ ಕೂಡಿಸಿದ ತಾಳ ಅಲ್ಲಿ ತಪ್ಪುತ್ತದೆ. ವೈರ್ ಹಾಕಿ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದ ಸಭೆಗೆ ಉಳಿತಾಯದ ಬಗ್ಗೆ ಸ್ಲೈಡ್ ಮಾಡಬೇಕು. ಓದಲು ಬಾರದವರೂ ಇರುತ್ತಾರೆ, ಅದಕ್ಕೇ ಐಕಾನ್ ಹಾಕೋಣ ಅಂತ. ಎಲ್ಲಿ ಸಿಗುತ್ತವೆ? (ಓದುಗರು, ಸಾಗರ)

ಉತ್ತರ: ಹೊಸ ಪವರ್‌ಪಾಯಿಂಟ್‌ನಲ್ಲಿ, ಅಂದರೆ 2019ರಿಂದ ಈಚಿನದರಲ್ಲಿ ಅಥವಾ ಮೈಕ್ರೋಸಾಫ್ಟ್ 365ರಲ್ಲಿ, ಇನ್ಸರ್ಟ್‌ನ ಒಳಗೇ ಐಕಾನ್ಸ್ ಇದೆ. ಇವು ಎಸ್‌ವಿಜಿ ಜಾತಿಯವು. ಗೋಡೆಯಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ, ಬಣ್ಣವನ್ನೂ ಬದಲಾಯಿಸಬಹುದು. ಒಂದೇ ಬಗೆಯವನ್ನು ಆರಿಸಿ, ಗೆರೆಯದಾದರೆ ಎಲ್ಲ ಗೆರೆಯದು, ತುಂಬಿದ್ದಾದರೆ ಎಲ್ಲ ತುಂಬಿದ್ದು.

ಆದರೆ ಹುಡುಕುವಾಗ ಜೋಪಾನ. ಉಳಿತಾಯ ಅಂತ ಹುಡುಕಿದರೆ ಮೊದಲು ಬರುವುದು ಬೆನ್ನ ಮೇಲೆ ಸೀಳಿರುವ ಹಂದಿ. ನಮ್ಮ ಊರುಗಳಲ್ಲಿ ದುಡ್ಡು ಕೂಡಿಡುವುದಕ್ಕೂ ಹಂದಿಗೂ ಏನು ಸಂಬಂಧ? ಅದರ ಬದಲು ಅಕ್ಕಿ ಡಬ್ಬದ ಫೋಟೋ ಹಾಕಿ, ಎಲ್ಲರಿಗೂ ತಟ್ಟನೆ ತಿಳಿಯುತ್ತದೆ. ಡಾಲರ್ ಗುರುತಿರುವ ನಾಣ್ಯ ಬೇಡ, ರೂಪಾಯಿ ಗುರುತಿನದು ಹುಡುಕಿ. ಮಾಡಿದ ಮೇಲೆ ಸಂಘದ ಒಬ್ಬ ಹಿರಿಯರಿಗೆ ತೋರಿಸಿ, ಇದೇನು ಅಂತ ಕೇಳಿ. ಅವರು ಹೇಳಿದ್ದೇ ಸರಿ. 1984ರಲ್ಲಿ ಬಂದ ಆಪಲ್‌ನ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಸೂಸನ್ ಕೇರ್ ಅನ್ನುವ ಕಲಾವಿದೆ ಬಿಡಿಸಿದ ಐಕಾನ್‌ಗಳು ಕೂತಿದ್ದು 32ಕ್ಕೆ 32 ಚುಕ್ಕಿಯ ಚೌಕದಲ್ಲಿ. ಅಷ್ಟು ಕಡಿಮೆ ಚುಕ್ಕಿಯಲ್ಲಿ ಕಸದ ಬುಟ್ಟಿ ಕಸದ ಬುಟ್ಟಿಯಂತೆಯೇ ಕಾಣುತ್ತಿತ್ತು. ನಿಮ್ಮ ಐಕಾನೂ ಅಷ್ಟೇ ಸರಳ ಇರಲಿ, ಸ್ಲೈಡಿಗೆ ಮೂರಕ್ಕಿಂತ ಹೆಚ್ಚು ಬೇಡ.

ಪ್ರಶ್ನೆ: ಸ್ಲೈಡ್ ಬದಲಾದಾಗಲೆಲ್ಲ ಚಪ್ಪಾಳೆ ಸದ್ದು ಬರುವ ಹಾಗೆ ಮಾಡಬಹುದಂತೆ, ಹೌದಾ? (ತುಮಕೂರು)

ಉತ್ತರ: ಟ್ರಾನ್ಸಿಷನ್ಸ್‌ನ ಸೌಂಡ್‌ನಲ್ಲಿದೆ. ದಯವಿಟ್ಟು ಮಾಡಬೇಡಿ.

ಪ್ರಶ್ನೆ: ಪವರ್‌ಪಾಯಿಂಟ್ ಕೊಳ್ಳುವ ಶಕ್ತಿ ಇಲ್ಲ. ಉಚಿತವಾಗಿ ಏನಿದೆ? (ಕೊಪ್ಪಳ)

ಉತ್ತರ: ಲಿಬ್ರೆಆಫೀಸ್ ಇಂಪ್ರೆಸ್. ಅದರಲ್ಲೂ ಫೋಟೋ ಆಲ್ಬಂ ಇದೆ. ಹಾಡನ್ನು ಮೊದಲ ಸ್ಲೈಡಿನ ಟ್ರಾನ್ಸಿಷನ್ ಸೌಂಡ್ ಆಗಿ ಕೊಟ್ಟರೆ ಮುಂದಿನ ಸ್ಲೈಡ್‌ಗಳಲ್ಲೂ ಕೇಳುತ್ತಿರುತ್ತದೆ. ವಿಡಿಯೋನೇ ಬೇಕು ಅಂದರೆ ಶಾಟ್‌ಕಟ್, ಓಪನ್‌ಶಾಟ್ ಎರಡೂ ಉಚಿತ. ವಿಂಡೋಸ್ 11ರಲ್ಲಿ ಕ್ಲಿಪ್‌ಚಾಂಪ್ ಮೊದಲೇ ಕೂತಿರುತ್ತದೆ. ಹಳೇ ಮೂವಿ ಮೇಕರ್ ಹುಡುಕಿಕೊಂಡು ಹೋಗಬೇಡಿ, ಅದನ್ನು 2017ರಲ್ಲೇ ನಿಲ್ಲಿಸಿದರು. ಈಗ ಆ ಹೆಸರಿನಲ್ಲಿ ಸಿಗುವವುಗಳಲ್ಲಿ ವೈರಸ್ ಇರಬಹುದು.

ಪ್ರಶ್ನೆ: ಅಣ್ಣನ ಮದುವೆಯಲ್ಲಿ ತೋರಿಸಿದ ಸ್ಲೈಡ್‌ಶೋ ಯೂಟ್ಯೂಬ್‌ಗೆ ಹಾಕಿದೆ, ಹಾಡಿನ ಸದ್ದೇ ತೆಗೆದುಬಿಟ್ಟರು. ಮದುವೆಯಲ್ಲಿ ಹಾಕುವುದು ತಪ್ಪಲ್ಲ ಅಂತಾರಲ್ಲ? (ಮುಂಬಯಿ)

ಉತ್ತರ: ಮದುವೆಯಲ್ಲಿ ಹಾಕುವುದು ತಪ್ಪಲ್ಲ, ನಿಜ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಧಾರ್ಮಿಕ ಸಮಾರಂಭಗಳಿಗೆ, ಮದುವೆ ಮೆರವಣಿಗೆ ಮತ್ತು ಮದುವೆಯ ಸಂಭ್ರಮಗಳಿಗೆ ಆ ರಿಯಾಯಿತಿ ಇದೆ. ಆದರೆ ಅದು ಛತ್ರದೊಳಗೆ ಹಾಡು ಹಾಕುವುದಕ್ಕೆ ಮಾತ್ರ. ಯೂಟ್ಯೂಬ್‌ಗೆ ಏರಿಸಿದರೆ ಲೋಕಕ್ಕೆಲ್ಲ ಹಂಚಿದ ಹಾಗೆ. ಅಲ್ಲಿ ಹಾಡುಗಳನ್ನು ಗುರುತಿಸುವ ಯಂತ್ರವೇ ಇದೆ, ಹಾಕಿದ ಕೂಡಲೇ ಹಿಡಿಯುತ್ತದೆ. ಯೂಟ್ಯೂಬ್‌ನದೇ ಆಡಿಯೋ ಲೈಬ್ರರಿಯಲ್ಲಿ ಉಚಿತ ಸಂಗೀತ ಸಿಗುತ್ತದೆ, ಆದರೆ ನಮ್ಮ ಮದುವೆಗೆ ಹೊಂದುವುದು ಅಪರೂಪ.

ಇನ್ನೊಂದು ದಾರಿ ಹೇಳುತ್ತೇನೆ. ಪುರಂದರದಾಸರ ಪದ ಯಾರ ಆಸ್ತಿಯೂ ಅಲ್ಲ. ಅದನ್ನು ಯಾರೋ ಹಾಡಿ ಮಾಡಿದ ರೆಕಾರ್ಡಿಂಗ್‌ಗೆ ಮಾತ್ರ ಹಕ್ಕು ಇರುತ್ತದೆ. ನಿಮ್ಮ ಮನೆಯಲ್ಲೇ ಅತ್ತೆನೋ ಅಜ್ಜಿನೋ ಹಾಡುವವರಿದ್ದಾರೆ ತಾನೇ? ಅವರ ಕೈಲೇ ಹಾಡಿಸಿ. ಫೋನನ್ನು ಒಂದು ಮೊಳ ದೂರ, ಮಡಿಸಿದ ಟವೆಲ್ ಮೇಲೆ ಇಡಿ, ಅಡಿಗೆಮನೆ ಬಾಗಿಲು ಹಾಕಿ, ರೆಕಾರ್ಡ್ ಒತ್ತುವ ಮುಂಚೆ ಫ್ಯಾನ್ ಆಫ್ ಮಾಡಿ.