ಆಲ್ಟ್‌ಗೆಲ್ಡ್ ಕೊಟ್ಟದ್ದು ದಾನವಲ್ಲ

ಮೇ 1 ಹತ್ತಿರ ಬಂತೆಂದರೆ 1886ರ ಬಾಂಬ್ ಕೇಸಿನಲ್ಲಿ ಶಿಕ್ಷೆಯಾದ ಶಿಕಾಗೊ ಕಾರ್ಮಿಕರ ಬಗ್ಗೆ ಪ್ರಶ್ನೆಗಳು ಶುರು. ಅವರಲ್ಲಿ ಮೂವರನ್ನು ಜೈಲಿನಿಂದ ಬಿಡಿಸಿದ ಇಲಿನಾಯ್ ರಾಜ್ಯದ ಗವರ್ನರ್ ಜಾನ್ ಪೀಟರ್ ಆಲ್ಟ್‌ಗೆಲ್ಡ್ ಬಗ್ಗೆಯೂ ಬರುತ್ತವೆ. ಮುಕ್ಕಾಲು ಪಾಲು ಹೋದ ವರ್ಷ ಕೇಳಿದ್ದೇ. ಹಾಗಾಗಿ ಈ ಸಲ ಒಂದೇ ಪ್ರಶ್ನೆಗೆ ಬಿಡಿಸಿ ಉತ್ತರ ಬರೆಯುತ್ತೇನೆ. ಉಳಿದವಕ್ಕೆ ನಾಲ್ಕು ಸಾಲು ಸಾಕು.

ಪ್ರಶ್ನೆ: ಅಮೆರಿಕದಲ್ಲಿ ಗವರ್ನರ್‌ರನ್ನು ಅಧ್ಯಕ್ಷರು ನೇಮಿಸುತ್ತಾರಾ? ಬೇಡ ಅನಿಸಿದರೆ ತೆಗೆಯಬಹುದಾ?

ಎರಡೂ ಇಲ್ಲ. ಜನ ವೋಟು ಹಾಕಿ ಆರಿಸುತ್ತಾರೆ. ನಮ್ಮ ರಾಜ್ಯಪಾಲರನ್ನು ಮರೆತು ಮುಖ್ಯಮಂತ್ರಿಯನ್ನು ನೆನೆಸಿಕೊಂಡು ಓದಿ.

ಪ್ರಶ್ನೆ: ಅಧ್ಯಕ್ಷರಾಗುವ ಆಸೆಯಿಂದ, ಕಾರ್ಮಿಕರ ವೋಟಿಗಾಗಿ ಆಲ್ಟ್‌ಗೆಲ್ಡ್ ಆ ಮೂವರನ್ನು ಬಿಡಿಸಿದರು ಅಂತ ಒಂದು ವಿಡಿಯೊದಲ್ಲಿ ನೋಡಿದೆ. ನಿಜವಾ?

ಅವರು ಹುಟ್ಟಿದ್ದು ಜರ್ಮನಿಯಲ್ಲಿ, 1847ರಲ್ಲಿ. ಕೈಗೂಸಾಗಿ ಅಮೆರಿಕಕ್ಕೆ ಬಂದವರು. ಅಲ್ಲಿ ಹಾಗೆ ಬಂದವರು ಗವರ್ನರ್ ಆಗಬಹುದು, ಅಧ್ಯಕ್ಷರಾಗುವಂತಿಲ್ಲ. ವಿಡಿಯೊ ಮಾಡಿದವರು ಹತ್ತು ನಿಮಿಷ ಓದಿದ್ದರೆ ಸಾಕಿತ್ತು.

ಪ್ರಶ್ನೆ: ನಮ್ಮ ಯೂನಿಯನ್‌ನ ಮೇ ದಿನದ ಭಾಷಣದಲ್ಲಿ, ಆಲ್ಟ್‌ಗೆಲ್ಡ್ ದಯಾಳು, ತಪ್ಪು ಮಾಡಿದ್ದ ಕಾರ್ಮಿಕರನ್ನೂ ಕ್ಷಮಿಸಿದರು, ಅದರಿಂದಲೇ ಮುಂದಿನ ಚುನಾವಣೆ ಸೋತರು ಅಂದರು. ಅಷ್ಟು ದಯೆ ಇದ್ದವರು ನಾಲ್ವರನ್ನು ಗಲ್ಲಿಗೇರಿಸಲು ಯಾಕೆ ಬಿಟ್ಟರು?

ಕೊನೆಯ ಮಾತಿನಿಂದಲೇ ಶುರು ಮಾಡೋಣ. ನಾಲ್ವರನ್ನು ಗಲ್ಲಿಗೇರಿಸಿದ್ದು 1887ರ ನವೆಂಬರ್ 11ರಂದು. ಆಗ ಗವರ್ನರ್ ಆಗಿದ್ದವರು ರಿಚರ್ಡ್ ಓಗಲ್ಸ್‌ಬಿ. ಆಲ್ಟ್‌ಗೆಲ್ಡ್ ಗೆದ್ದು ಬಂದದ್ದು 1892ರ ಚುನಾವಣೆಯಲ್ಲಿ. ಬಿಡಲು, ಹಿಡಿಯಲು ಅವರ ಕೈಯಲ್ಲಿ ಏನೂ ಇರಲಿಲ್ಲ.

ಮೇ 1ರಂದೇ ಪೊಲೀಸರು ಎಂಟು ಜನರನ್ನು ಗುಂಡಿಟ್ಟು ಕೊಂದರು ಅನ್ನುವ ವಾಟ್ಸಾಪ್ ಸಂದೇಶವನ್ನೂ ದಯವಿಟ್ಟು ಅಳಿಸಿ. 1886ರ ಮೇ 1ರಂದು ನಡೆದದ್ದು ಎಂಟು ಗಂಟೆ ಕೆಲಸಕ್ಕಾಗಿ ಮುಷ್ಕರ. ಮೇ 3ರಂದು ಮೆಕಾರ್ಮಿಕ್ ಕಾರ್ಖಾನೆ ಮುಂದೆ ಪೊಲೀಸರು ಗುಂಡು ಹಾರಿಸಿದರು. ಅದನ್ನು ಖಂಡಿಸಿ ಮರುದಿನ ರಾತ್ರಿ ಹೇಮಾರ್ಕೆಟ್‌ನಲ್ಲಿ ಸಭೆ. ಮೇಯರ್ ತಾವೇ ಬಂದು ನೋಡಿ, ಗಲಾಟೆ ಏನಿಲ್ಲ ಅಂತ ಮನೆಗೆ ಹೋದರು. ಸಭೆ ಮುಗಿಯುವ ಹೊತ್ತಿಗೆ ಪೊಲೀಸ್ ಪಡೆ ನುಗ್ಗಿತು. ಯಾರೋ ಬಾಂಬ್ ಎಸೆದರು. ಏಳು ಪೊಲೀಸರು ಸತ್ತರು, ಕಾರ್ಮಿಕರೂ ಸತ್ತರು. ಎಸೆದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಆದರೂ ಎಂಟು ಜನರ ಮೇಲೆ ಕೊಲೆ ಕೇಸು ಬಿತ್ತು. ಏಳು ಜನಕ್ಕೆ ಗಲ್ಲು, ಆಸ್ಕರ್ ನೀಬಿಗೆ 15 ವರ್ಷ ಜೈಲು. ಒಬ್ಬರು ಗಲ್ಲಿನ ಹಿಂದಿನ ದಿನ ಜೈಲಿನಲ್ಲೇ ಪ್ರಾಣ ಕಳೆದುಕೊಂಡರು. ಸ್ಯಾಮ್ಯುಯೆಲ್ ಫೀಲ್ಡನ್ ಮತ್ತು ಮೈಕೆಲ್ ಶ್ವಾಬ್ ಅವರ ಶಿಕ್ಷೆಯನ್ನು ಓಗಲ್ಸ್‌ಬಿ ಜೀವಾವಧಿಗೆ ಇಳಿಸಿದರು. ಈ ಇಬ್ಬರು ಮತ್ತು ನೀಬಿ, ಒಟ್ಟು ಮೂವರನ್ನು ಆಲ್ಟ್‌ಗೆಲ್ಡ್ 1893ರ ಜೂನ್ 26ರಂದು ಬಿಡುಗಡೆ ಮಾಡಿದರು.

ಈಗ ಮುಖ್ಯ ಮಾತು. ನಮ್ಮ ಕನ್ನಡದ ‘ಕ್ಷಮಾದಾನ’ ಅನ್ನುವ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ. ಕ್ಷಮೆ ಅಂದರೆ ತಪ್ಪು ನಡೆದಿದೆ ಅಂತಾಯಿತು. ದಾನ ಅಂದರೆ ಕೊಟ್ಟವರು ದೊಡ್ಡವರು ಅಂತಾಯಿತು. ಆಲ್ಟ್‌ಗೆಲ್ಡ್ ಇದೆರಡನ್ನೂ ಒಪ್ಪಲಿಲ್ಲ. ಬಿಡುಗಡೆಗೆ ಅರ್ಜಿ ಹಾಕಿದ್ದ ಎಷ್ಟೋ ಗಣ್ಯರು, ಇವರು ಸಾಕಷ್ಟು ಅನುಭವಿಸಿದ್ದಾರೆ, ಕರುಣೆ ತೋರಿಸಿ ಅಂದಿದ್ದರು. ಎರಡು ಸಾಲಿನ ಆದೇಶ ಬರೆದಿದ್ದರೆ ಅವರೆಲ್ಲ ಚಪ್ಪಾಳೆ ಹೊಡೆಯುತ್ತಿದ್ದರು. ಆಲ್ಟ್‌ಗೆಲ್ಡ್ ಒಂದು ಕಿರುಪುಸ್ತಕದಷ್ಟು ಬರೆದರು. ತಪ್ಪು ಸಾಬೀತಾಗಿದ್ದರೆ ನಾನು ಕೈ ಹಾಕುವುದಿಲ್ಲ, ವಿಚಾರಣೆಯೇ ಸರಿ ಇರಲಿಲ್ಲವಾದರೆ ಬಿಡಲೇಬೇಕು ಅನ್ನುವುದು ಅವರ ವಾದ.

ಅವರು ಮಾಜಿ ನ್ಯಾಯಾಧೀಶರು, ಕಡತ ಓದಲು ಬಲ್ಲವರು. ಅಲ್ಲಿ ಜ್ಯೂರಿಗೆ, ಅಂದರೆ ತಪ್ಪಿತಸ್ಥರು ಹೌದೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ಜನರ ತಂಡಕ್ಕೆ, ಹೆಸರನ್ನು ಚೀಟಿ ಎತ್ತಿ ಆರಿಸಬೇಕು. ಈ ಕೇಸಿನಲ್ಲಿ ಒಬ್ಬ ವಿಶೇಷ ಅಧಿಕಾರಿಯನ್ನು ಬೀದಿಗೆ ಕಳಿಸಿ, ತನಗೆ ಬೇಕಾದವರನ್ನು ಕರೆತರಲು ಬಿಟ್ಟಿದ್ದರು. 981 ಜನರನ್ನು ಪ್ರಶ್ನಿಸಿ 12 ಜನರನ್ನು ಕೂರಿಸಿದರು. ‘ಇವರು ತಪ್ಪಿತಸ್ಥರು ಅಂತ ನಾನು ಆಗಲೇ ಅಂದುಕೊಂಡಿದ್ದೇನೆ’ ಎಂದು ಬಾಯಿಬಿಟ್ಟು ಹೇಳಿದವರೂ ನಡೆಯುತ್ತದೆ ಅಂತ ನ್ಯಾಯಾಧೀಶ ಜೋಸೆಫ್ ಗ್ಯಾರಿ ಒಪ್ಪಿಕೊಂಡರು. ನೀಬಿ ಆ ರಾತ್ರಿ ಹೇಮಾರ್ಕೆಟ್‌ನಲ್ಲೇ ಇರಲಿಲ್ಲ. ಬಾಂಬ್ ಎಸೆದವರೇ ಗೊತ್ತಿಲ್ಲದಿದ್ದ ಮೇಲೆ, ಅವರು ಈ ಎಂಟು ಜನರ ಮಾತು ಕೇಳಿ ಎಸೆದರು ಅಂತ ಹೇಗೆ ಸಾಬೀತಾಯಿತು? ಇದು ಆಲ್ಟ್‌ಗೆಲ್ಡ್ ಮತ್ತೆ ಮತ್ತೆ ಕೇಳಿದ ಪ್ರಶ್ನೆ. ಈ ಆದೇಶದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದೂ ಇದೇ.

ಕೊನೆಗೆ ಗ್ಯಾರಿಯವರ ಪಕ್ಷಪಾತವನ್ನೂ ಬಿಡದೆ ಬರೆದರು. ಆಲ್ಟ್‌ಗೆಲ್ಡ್‌ರ ಗೆಳೆಯ, ವಕೀಲ ಕ್ಲಾರೆನ್ಸ್ ಡ್ಯಾರೊ ಕೂಡ ಗ್ಯಾರಿಯವರ ವಿಷಯದಲ್ಲಿ ಅದು ಜಾಸ್ತಿಯಾಯಿತು ಅಂದುಕೊಂಡರು. ನನಗೆ ಹಾಗೆ ಅನಿಸುವುದಿಲ್ಲ. ನಾಲ್ಕು ಜೀವ ಹೋಗಿತ್ತು. ಅದನ್ನು ಮೆತ್ತಗೆ ಬರೆಯಬೇಕಿತ್ತಾ?

ಆ ದಿನ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನ ಕಚೇರಿಯಲ್ಲಿ ಬ್ರ್ಯಾಂಡ್ ವಿಟ್‌ಲಾಕ್ ಎಂಬ ಯುವ ಗುಮಾಸ್ತರಿದ್ದರು. ಬಿಡುಗಡೆ ಪತ್ರಗಳನ್ನು ಗುಟ್ಟಾಗಿ ಬರೆದುಕೊಟ್ಟವರು ಅವರೇ. ಪತ್ರ ಒಯ್ಯಲು ಬಂದಿದ್ದವರು ಡ್ರೈಯರ್ ಎಂಬ ಬ್ಯಾಂಕರ್. ಈ ಎಂಟು ಜನರ ಮೇಲೆ ಆರೋಪ ಹೊರಿಸಿದ ಗ್ರ್ಯಾಂಡ್ ಜ್ಯೂರಿಯಲ್ಲಿ ಕೂತಿದ್ದವರು, ಆಮೇಲೆ ಮನಸ್ಸು ತಡೆಯದೆ ಬಿಡುಗಡೆಗೆ ಓಡಾಡಿದವರು. ಗವರ್ನರ್ ಸಹಿ ಹಾಕಿ ಪತ್ರ ಕೈಗಿಟ್ಟಾಗ ಡ್ರೈಯರ್ ಏನೋ ಹೇಳಲು ಹೋಗಿ ಅತ್ತುಬಿಟ್ಟರು. ಆಲ್ಟ್‌ಗೆಲ್ಡ್ ಗಡಿಯಾರ ನೋಡಿ, ರೈಲು ತಪ್ಪುತ್ತದೆ ಹೊರಡಿ ಅಂದರು. ಜೈಲು ಇದ್ದದ್ದು ಜೋಲಿಯೆಟ್ ಊರಿನಲ್ಲಿ. ಆಮೇಲೆ ಕುದುರೆ ಮೇಲೆ ಬರುತ್ತಿದ್ದ ಗವರ್ನರ್ ಎದುರಾದಾಗ ವಿಟ್‌ಲಾಕ್, ಇನ್ನು ಬಿರುಗಾಳಿ ಏಳುತ್ತದೆ ಅಂದರು. ಗೊತ್ತಿತ್ತು, ಸರಿ ಕಂಡದ್ದನ್ನು ಮಾಡಿದೆ ಅಷ್ಟೇ ಅನ್ನುವ ಅರ್ಥದ ಉತ್ತರ ಬಂತು.

ಬಿರುಗಾಳಿ ಎದ್ದಿತು. ಪತ್ರಿಕೆಗಳು ಅವರನ್ನು ಅರಾಜಕತಾವಾದಿ ಎಂದವು, ಪರದೇಶಿ ಎಂದವು. 1896ರಲ್ಲಿ ಅವರು ಸೋತದ್ದೂ ನಿಜ. ಆದರೆ ಬಿಡುಗಡೆಯಿಂದಲೇ ಸೋತರು ಅನ್ನಬೇಡಿ. ಆ ವರ್ಷ ಅವರದೇ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ವಿಲಿಯಂ ಬ್ರಯಾನ್ ಕೂಡ ಇಲಿನಾಯ್‌ನಲ್ಲಿ ಸೋತರು. ಅಲ್ಲಿ ಆಲ್ಟ್‌ಗೆಲ್ಡ್‌ಗೆ ಬಿದ್ದ ವೋಟು ಬ್ರಯಾನ್‌ಗಿಂತ ಜಾಸ್ತಿ. ಈ ಒಂದು ಲೆಕ್ಕ ನೋಡದೆ ‘ಸತ್ಯಕ್ಕಾಗಿ ಕುರ್ಚಿ ಕಳೆದುಕೊಂಡರು’ ಅಂತ ಸ್ಫೂರ್ತಿ ಭಾಷಣ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರ ದೊಡ್ಡತನ ತೋರಿಸಲು ಕತೆ ಕಟ್ಟಬೇಕಿಲ್ಲ. ಆ ಆದೇಶ ಓದಿದರೆ ಸಾಕು.

ಮುಂದಿನ ಮೇ ದಿನಕ್ಕೆ ನಿಮ್ಮ ಯೂನಿಯನ್‌ನಲ್ಲಿ ‘ಕ್ಷಮಿಸಿದರು’ ಅನ್ನುವ ಬದಲು ‘ವಿಚಾರಣೆಯೇ ಅನ್ಯಾಯ ಅಂತ ಹೇಳಿ ಬಿಡಿಸಿದರು’ ಅನ್ನಿ.

ಪ್ರಶ್ನೆ: 1894ರ ಪುಲ್ಮನ್ ರೈಲ್ವೆ ಮುಷ್ಕರದಲ್ಲಿ ಅವರು ಕೈಕಟ್ಟಿ ಕೂತಿದ್ದರಂತೆ, ಹೌದಾ?

ಸುಳ್ಳು. ಸ್ಥಳೀಯ ಅಧಿಕಾರಿಗಳು ಕೇಳಿದ ಕಡೆ ರಾಜ್ಯದ ಪಡೆ ಕಳಿಸಿದ್ದರು. ರಾಜ್ಯ ಕೇಳದೆಯೇ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಶಿಕಾಗೊಗೆ ಸೈನ್ಯ ನುಗ್ಗಿಸಿದ್ದನ್ನು ವಿರೋಧಿಸಿದರು. ಎರಡೂ ಬೇರೆ ಬೇರೆ ಅಲ್ವಾ?

ಪ್ರಶ್ನೆ: ಮಗಳು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಅಲ್ಲಿನ ಗಂಟೆ ಗೋಪುರದ ಆಲ್ಟ್‌ಗೆಲ್ಡ್ ಹಾಲ್ ಇವರ ಹೆಸರಿನದ್ದೇನಾ?

ಹೌದು. ಕೋಟೆಯ ಹಾಗೆ ಕಾಣುವ ಕಟ್ಟಡಗಳು ಅವರಿಗೆ ಇಷ್ಟ.

ಪ್ರಶ್ನೆ: ಸೋತ ಮೇಲೆ ಏನಾದರು?

ಶಿಕಾಗೊದಲ್ಲಿ ತಾವು ಕಟ್ಟಿಸಿದ್ದ 16 ಮಹಡಿಯ ಯೂನಿಟಿ ಕಟ್ಟಡ ಕೈಬಿಟ್ಟು ಹೋಯಿತು. 1899ರಲ್ಲಿ ಮೇಯರ್ ಚುನಾವಣೆಗೆ ನಿಂತು ಸೋತರು. ಡ್ಯಾರೊ ಅವರ ಕಚೇರಿ ಸೇರಿ ಮತ್ತೆ ವಕೀಲಿಕೆ ಮಾಡಿದರು. 1902ರ ಮಾರ್ಚ್‌ನಲ್ಲಿ, ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ದಕ್ಷಿಣ ಆಫ್ರಿಕದ ಬೋಯರ್‌ಗಳ ಪರ ಒಂದು ಸಭೆಯಲ್ಲಿ ಮಾತಾಡಿ ಮುಗಿಸಿದವರು ಅಲ್ಲೇ ಕುಸಿದರು. ಮಾರನೇ ಬೆಳಿಗ್ಗೆ ತೀರಿಕೊಂಡರು. 54 ವರ್ಷ. ಆ ಸಭೆ ನಡೆದದ್ದು ಜೋಲಿಯೆಟ್‌ನಲ್ಲಿ.