ತೋಟದ ತೋಡಿನಲ್ಲಿ ಚಿನ್ನ ಜಾಲಿಸಬಹುದಾ?

ಕೊಡಗಿನ ಮಾದಾಪುರ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಮಗ ಆಸ್ಟ್ರೇಲಿಯಾದ ವಿಕ್ಟೋರಿಯಾದಿಂದ ಬರುವಾಗ ಚಿನ್ನ ಜಾಲಿಸುವ ಪ್ಲಾಸ್ಟಿಕ್ ತಟ್ಟೆ ತಂದುಕೊಟ್ಟ. ನಮ್ಮ ಕಾಫಿ ತೋಟದ ನಡುವೆಯೇ ತೋಡು ಹರಿಯುತ್ತದೆ, ಮರಳಲ್ಲಿ ಹೊಳೆಯುವ ಚೂರುಗಳಿವೆ. ಮೆಷಿನ್ ಇಲ್ಲ, ಬರೀ ಕೈಕೆಲಸ, ಅದೂ ಭಾನುವಾರ ಮಾತ್ರ. ನಮ್ಮದೇ ಜಾಗದಲ್ಲಿ ಮಾಡಿದರೆ ಯಾರಿಗೇನು ತೊಂದರೆ?’

ಸಾರ್, ಮೊದಲು ಆ ಚೂರಿನ ವಿಷಯ. ಅದು ಬಹುಶಃ ಕಾಗೆಬಂಗಾರ, ಅಂದರೆ ಅಭ್ರಕ. ಚಿಕ್ಕವನಿದ್ದಾಗ ನಾನೂ ಪೌಡರ್ ಡಬ್ಬಿ ತುಂಬಾ ಅದನ್ನೇ ಕೂಡಿಟ್ಟು, ಅಜ್ಜಿಗೆ ಬಳೆ ಮಾಡಿಸ್ತೀನಿ ಎಂದು ಓಡಾಡಿದವನು. ಒಂದು ಚೂರನ್ನು ಉಗುರಿನ ಮೇಲಿಟ್ಟು ಸೂಜಿಯಿಂದ ಒತ್ತಿ ನೋಡಿ. ಪದರ ಬಿಟ್ಟು ಪುಡಿಯಾದರೆ ಕಾಗೆಬಂಗಾರ. ಚಿನ್ನ ಪುಡಿಯಾಗುವುದಿಲ್ಲ, ಚಪ್ಪಟೆಯಾಗುತ್ತದೆ. ನೆರಳಿಗೆ ಹಿಡಿದರೂ ಅದರ ಹಳದಿ ಹಾಗೇ ಇರುತ್ತದೆ.

ಹಾಗಂತ ನಮ್ಮ ಸುತ್ತಮುತ್ತ ಚಿನ್ನವೇ ಇಲ್ಲ ಅಂತಲ್ಲ. ಕೇರಳದ ನಿಲಂಬೂರಿನ ಚಾಲಿಯಾರ್ ಹೊಳೆಯಲ್ಲಿ ಜನ ಮರಳು ಜಾಲಿಸಿ ಚಿನ್ನ ತೆಗೆದಿದ್ದಾರೆ. ನೀಲಗಿರಿಯ ದೇವಾಲ, ಪಂದಲೂರು ಕಡೆಯಂತೂ 1880ರ ಸುಮಾರಿಗೆ ಲಂಡನ್ನಿನ ಕಂಪನಿಗಳು ಚಿನ್ನ ಚಿನ್ನ ಎಂದು ಮುಗಿಬಿದ್ದು, ಕೆಲವೇ ವರ್ಷಗಳಲ್ಲಿ ಕೈ ಸುಟ್ಟುಕೊಂಡು ಹೋದವು.

ಈಗ ಕಾನೂನು. ಚಿನ್ನಕ್ಕೆ 1957ರ ಗಣಿ ಮತ್ತು ಖನಿಜ ಕಾಯ್ದೆ ಅನ್ವಯಿಸುತ್ತದೆ. ಅದರ 4ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಖನಿಜ ತೆಗೆಯುವುದಿರಲಿ, ಹುಡುಕುವಂತೆಯೂ ಇಲ್ಲ. ಹವ್ಯಾಸಕ್ಕೆ, ಭಾನುವಾರಕ್ಕೆ ಅಂತ ವಿನಾಯಿತಿ ಇಲ್ಲ. ಶಿಕ್ಷೆ 5 ವರ್ಷದವರೆಗೆ ಜೈಲು, ಜೊತೆಗೆ ಹೆಕ್ಟೇರಿಗೆ 5 ಲಕ್ಷ ರೂಪಾಯಿವರೆಗೆ ದಂಡ. ‘ನಮ್ಮದೇ ಜಾಗ’ ಅಂದಿರಿ. 2013ರಲ್ಲಿ ಕೇರಳದ ಜಮೀನುದಾರರ ಕೇಸಿನಲ್ಲಿ ಸುಪ್ರೀಂ ಕೋರ್ಟ್, ನೆಲದಡಿಯ ಖನಿಜದ ಮೇಲೂ ಜಮೀನುದಾರರಿಗೆ ಹಕ್ಕಿದೆ ಎಂದಿತ್ತು ನಿಜ. ಆದರೆ ಹಕ್ಕು ಇದ್ದ ಮಾತ್ರಕ್ಕೆ ಲೈಸೆನ್ಸ್ ಬೇಡ ಅಂತಾಗುವುದಿಲ್ಲ. ಇನ್ನು ತೋಡು ನಿಮ್ಮ ಬೇಲಿ ದಾಟಿ ದೇವರಕಾಡಿಗೋ ಮೀಸಲು ಅರಣ್ಯಕ್ಕೋ ಸೇರಿದರೆ, ಅಲ್ಲಿ ಅರಣ್ಯ ಕಾಯ್ದೆಯೂ ಬರುತ್ತದೆ.

ಲಾರಿಗಟ್ಟಲೆ ಅದಿರು ಸಾಗಿಸುವವರಿಗೂ ಒಂದು ತಟ್ಟೆ ಹಿಡಿದು ಕೂತವರಿಗೂ ಒಂದೇ ಸೆಕ್ಷನ್ ಅನ್ನೋದು ನನಗೂ ಸ್ವಲ್ಪ ಅತಿಯಾಯಿತು ಅನಿಸುತ್ತದೆ. ವಿಕ್ಟೋರಿಯಾದಲ್ಲಿ ‘ಮೈನರ್ಸ್ ರೈಟ್’ ಎಂಬ ಪರವಾನಗಿ ಸಿಗುತ್ತದೆ, 10 ವರ್ಷಕ್ಕೆ. ನ್ಯೂಜಿಲೆಂಡಿನಲ್ಲಿ ಹವ್ಯಾಸಿಗಳಿಗೆಂದೇ ಜಾಗ ಗುರುತಿಸಿದ್ದಾರೆ, ಅಲ್ಲಿ ಕೈಸಲಕರಣೆ ಮಾತ್ರ. ಹೊಳೆಯ ತಳವನ್ನೇ ಪೈಪಿನಲ್ಲಿ ಹೀರುವ ಮೋಟಾರು ಯಂತ್ರಗಳನ್ನು ಕ್ಯಾಲಿಫೋರ್ನಿಯಾ 2009ರಲ್ಲೇ ತಡೆಯಿತು. ನಮ್ಮಲ್ಲಿ ಇಂಥ ನಡುದಾರಿ ಇಲ್ಲ.

ಆದರೂ ‘ಬರೀ ಕೈಕೆಲಸ’ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ. ಕಳೆದ ಫೆಬ್ರವರಿಯಲ್ಲಿ ನಮ್ಮ ಮನೆ ಹಿಂದಿನ ತೋಡಿನಲ್ಲಿ ತೆಂಗಿನಕಾಯಿ ಗಾತ್ರದ ಒಂದು ಕಲ್ಲನ್ನು ಸುಮ್ನೆ ಎತ್ತಿದೆ. ಅಡಿಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ಕೊಳವೆಗಳು ಅಂಟಿಕೊಂಡಿದ್ದವು, ಒಂದೊಂದೇ ಮರಳಿನ ಕಾಳು ಜೋಡಿಸಿ ಹುಳ ಕಟ್ಟಿಕೊಂಡ ಮನೆಗಳು. ಪಕ್ಕದಲ್ಲಿ ಹೊಟ್ಟೆಯ ಮಡಿಕೆಯಲ್ಲಿ ಮರಿ ತುಂಬಿಕೊಂಡ ಏಡಿ. ಕಲ್ಲನ್ನು ಹಾಗೇ ಇಟ್ಟೆ, ಆದರೂ ಎರಡು ಕೊಳವೆ ಕಿತ್ತುಬಂದು ನೀರಲ್ಲಿ ಹೋದವು. ಚಿನ್ನ ಭಾರ ಅಲ್ವಾ, ನೀರಿಗಿಂತ 19 ಪಟ್ಟು, ಅದಕ್ಕೇ ತಳದಲ್ಲಿ, ಕಲ್ಲಿನ ಸಂದಿಯಲ್ಲೇ ಕೂರುತ್ತದೆ. ಹುಡುಕುವವರು ಕೈಹಾಕುವುದೂ ಅಲ್ಲಿಗೇ. ಎದ್ದ ಕೆಸರು ಕೆಳಗೆ ಹೋಗಿ ಜಲ್ಲಿಯ ಸಂದಿಗಳಲ್ಲಿ ಕೂತರೆ, ಅಲ್ಲಿ ಮೀನು ಇಟ್ಟ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಬೇಸಿಗೆಯಲ್ಲಿ ನೀರು ಕಮ್ಮಿ ಇರುವುದರಿಂದ ಕೂತ ಕೆಸರು ಬೇಗ ಕೊಚ್ಚಿಹೋಗುವುದೂ ಇಲ್ಲ.

ದಡ ಕೆರೆಯುವ ಯೋಚನೆಯಂತೂ ಬೇಡವೇ ಬೇಡ. 2018ರ ಆಗಸ್ಟಿನಲ್ಲಿ ಮಾದಾಪುರ, ಮಕ್ಕಂದೂರು ಕಡೆ ಗುಡ್ಡ ಹೇಗೆ ಇಳಿಯಿತು ಅಂತ ನಿಮಗೆ ನಾನು ಹೇಳಬೇಕಾ? ಪಾದರಸ ಹಾಕಿ ಚಿನ್ನ ಬೇರ್ಪಡಿಸುವ ವಿಡಿಯೋ ನೋಡಿದ್ದರೆ ಅದನ್ನೂ ಮರೆತುಬಿಡಿ. ಆ ಹೊಗೆ ಕುಡಿದವರ ನರಕ್ಕೇ ಹೊಡೆತ, ಹೊಳೆಗೆ ಸೇರಿದ್ದು ಮೀನಿನ ಮೂಲಕ ಮತ್ತೆ ನಮ್ಮ ತಟ್ಟೆಗೇ ಬರುತ್ತದೆ.

ಮುಂದಿನ ಸಲ ಮಗನ ಹತ್ತಿರ ಹೋಗುವಾಗ ತಟ್ಟೆಯನ್ನು ಸೂಟ್‌ಕೇಸಿಗೆ ಹಾಕಿಕೊಳ್ಳಿ. ಪರವಾನಗಿ ಅಲ್ಲೇ ಮಾಡಿಸಬಹುದು. ಯಾವ ತೊರೆಗೆ ಇಳಿಯಬಾರದು ಅಂತ ಮಾತ್ರ ಮೊದಲೇ ವಿಚಾರಿಸಿ, ಅಲ್ಲೂ ಕೆಲವನ್ನು ಮುಚ್ಚಿದ್ದಾರೆ.

ನಿಮ್ಮ ಪತ್ರದ ಎರಡನೇ ಪುಟದ ಕರಿಮೆಣಸಿನ ಸೊರಗು ರೋಗದ ಪ್ರಶ್ನೆಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.

– ಸಂ.